ಸ್ಪೀಡ್ ಟೆಸ್ಟ್ ಯಾರ ಕಡೆ?

ಪ್ರಶ್ನೆ: ನನ್ನದು 200 ಎಂಬಿಪಿಎಸ್ ಪ್ಲಾನ್. ಕಂಪನಿಯ ಆ್ಯಪ್‌ನಲ್ಲಿ ಯಾವಾಗ ನೋಡಿದರೂ 195ಕ್ಕಿಂತ ಮೇಲೆಯೇ ಇರುತ್ತದೆ. ಗೂಗಲ್‌ನಲ್ಲಿ ‘ಸ್ಪೀಡ್ ಟೆಸ್ಟ್’ ಅಂತ ಹುಡುಕಿದಾಗ ಬರುವ ಟೆಸ್ಟ್‌ನಲ್ಲಿ ಬೆಳಿಗ್ಗೆ 150, ರಾತ್ರಿ ಒಂಬತ್ತರ ಮೇಲೆ 60. ಕಸ್ಟಮರ್ ಕೇರ್‌ನವರನ್ನು ಕೇಳಿದರೆ "ನಮ್ಮ ಆ್ಯಪ್ ತೋರಿಸಿದ್ದೇ ಲೆಕ್ಕ" ಅನ್ನುತ್ತಾರೆ. ಕಂಪನಿಯ ಕೈವಾಡವೇ ಇಲ್ಲದ, ನಿಜವಾಗಿ ಸ್ವತಂತ್ರವಾದ ಟೆಸ್ಟ್ ಅಂತ ಒಂದಾದರೂ ಇದೆಯಾ?

ಉತ್ತರ: ಇಲ್ಲ. ಪೂರ್ತಿ ಸ್ವತಂತ್ರ ಅನ್ನುವಂಥದ್ದು ಒಂದೂ ಇಲ್ಲ, ಇರುವುದಕ್ಕೆ ಸಾಧ್ಯವೂ ಇಲ್ಲ. ಹಾಗಂತ ಕಸ್ಟಮರ್ ಕೇರ್‌ನವರು ಹೇಳಿದ್ದು ಸರಿ ಅಂದುಕೊಳ್ಳಬೇಡಿ. ನೀವು ಕೊಟ್ಟಿರುವ ಮೂರು ಸಂಖ್ಯೆಗಳಲ್ಲೇ ಅರ್ಧ ಉತ್ತರ ಇದೆ. ಆದರೆ ಅದನ್ನು ಓದುವುದಕ್ಕೆ ಮೊದಲು ಈ ಟೆಸ್ಟ್‌ಗಳು ಏನು ಅಳೆಯುತ್ತವೆ, ಅವುಗಳ ಹಿಂದೆ ಯಾರಿದ್ದಾರೆ ಅಂತ ನೋಡಬೇಕು.

ಎಲ್ಲಿಂದ ಎಲ್ಲಿಗೆ ಅಂತ ಹೇಳದೆ ಸ್ಪೀಡ್‌ಗೆ ಅರ್ಥವೇ ಇಲ್ಲ. ಒಂದು ತುದಿ ನಿಮ್ಮ ಲ್ಯಾಪ್‌ಟಾಪ್, ಇನ್ನೊಂದು ತುದಿ ಒಂದು ಸರ್ವರ್. ಆ ಸರ್ವರ್ ಯಾರದ್ದಾದರೂ ಆಗಿರಲೇಬೇಕು, ಯಾವುದೋ ಕಟ್ಟಡದಲ್ಲಿ ಇರಲೇಬೇಕು, ಅದರ ಬ್ಯಾಂಡ್‌ವಿಡ್ತ್‌ಗೆ ಯಾರೋ ದುಡ್ಡು ಕೊಡಲೇಬೇಕು. ನಡುವಿನ ದಾರಿಯ ಮೊದಲ ಭಾಗವಂತೂ ಯಾವ ಟೆಸ್ಟ್ ಹಾಕಿದರೂ ನಿಮ್ಮ ಕಂಪನಿಯದ್ದೇ. ಹೀಗಿರುವಾಗ ‘ಸ್ವತಂತ್ರವಾ?’ ಅಂತ ಕೇಳಿದರೆ ಸಾಲದು. ಯಾರಿಂದ ಸ್ವತಂತ್ರ, ದಾರಿಯ ಯಾವ ಭಾಗದಲ್ಲಿ ಸ್ವತಂತ್ರ ಅಂತ ಕೇಳಬೇಕು.

ಎಲ್ಲರಿಗೂ ಗೊತ್ತಿರುವ ಊಕ್ಲಾದ ಸ್ಪೀಡ್‌ಟೆಸ್ಟ್‌ನಿಂದ ಶುರು ಮಾಡೋಣ. 2006ರಿಂದ ಇದೆ. ಇದಕ್ಕೆ ಪ್ರಪಂಚದ ತುಂಬಾ ಹತ್ತು ಸಾವಿರಕ್ಕೂ ಹೆಚ್ಚು ಸರ್ವರ್‌ಗಳಿವೆ. ಇಷ್ಟೊಂದು ಸರ್ವರ್‌ಗಳನ್ನು ಊಕ್ಲಾ ತಾನೇ ಕೊಂಡು ಇಟ್ಟಿಲ್ಲ. ಇಂಟರ್ನೆಟ್ ಕಂಪನಿಗಳು, ಹೋಸ್ಟಿಂಗ್ ಕಂಪನಿಗಳು ತಮ್ಮ ಜಾಗದಲ್ಲಿ, ತಮ್ಮ ಖರ್ಚಿನಲ್ಲಿ ಇಟ್ಟುಕೊಂಡಿವೆ. ನೀವು ‘ಗೋ’ ಒತ್ತಿದ ಕೂಡಲೇ ಅದು ಹತ್ತಿರದ ಸರ್ವರ್‌ಗಳಿಗೆ ಪಿಂಗ್ (ಉತ್ತರ ಬರಲು ಎಷ್ಟು ಹೊತ್ತು ಬೇಕು ಅಂತ ನೋಡುವ ಪುಟ್ಟ ಸಂದೇಶ) ಕಳಿಸಿ, ಬೇಗ ಉತ್ತರ ಕೊಟ್ಟದ್ದನ್ನು ಆರಿಸುತ್ತದೆ. ಎಲ್ಲಕ್ಕಿಂತ ಬೇಗ ಉತ್ತರ ಕೊಡುವುದು ಯಾವುದು? ಎಷ್ಟೋ ಸಲ ನಿಮ್ಮ ಪ್ರೊವೈಡರ್ ತನ್ನದೇ ನೆಟ್‌ವರ್ಕ್‌ನ ಒಳಗೆ ಇಟ್ಟಿರುವ ಸರ್ವರ್. ಆಗ ಡೇಟಾ ಅವರ ಕಾಂಪೌಂಡ್ ದಾಟಿ ಹೊರಗೆ ಬರುವುದೇ ಇಲ್ಲ. ಮುಂದಿನ ಸಲ ಟೆಸ್ಟ್ ಮುಗಿದಾಗ ಸಂಖ್ಯೆಯ ಕೆಳಗೆ ಸಣ್ಣಕ್ಷರದಲ್ಲಿ ಸರ್ವರ್‌ನ ಹೆಸರು ಇರುತ್ತದೆ, ನೋಡಿ. ಅಲ್ಲಿ ನಿಮ್ಮ ಕಂಪನಿಯ ಹೆಸರೇ ಇದ್ದರೆ, ನೀವು ಅಳೆದದ್ದು ಮನೆಯಿಂದ ಅವರ ಆಫೀಸಿನವರೆಗಿನ ದಾರಿ ಮಾತ್ರ.

ಇದು ಮೋಸ ಅಲ್ಲ. ಮನೆಗೆ ಬಂದಿರುವ ಲೈನ್ ಸರಿಯಾಗಿದೆಯಾ ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಟೆಸ್ಟ್ ಕಷ್ಟ. ಫೈಬರ್ ಕನೆಕ್ಟರ್‌ನಲ್ಲಿ ಧೂಳು ಕೂತಿದೆಯಾ, ಪ್ಲಾನ್‌ಗೆ ಸರಿಯಾದ ಸ್ಪೀಡ್ ಸೆಟ್ ಮಾಡಿದ್ದಾರಾ, ಇವೆಲ್ಲ ಇದರಲ್ಲಿ ಗೊತ್ತಾಗುತ್ತವೆ. ತೊಂದರೆ ಏನು ಅಂದರೆ ಆ ಸರ್ವರ್‌ನಿಂದ ನೀವು ಸಿನಿಮಾ ನೋಡುವುದಿಲ್ಲ, ಆಫೀಸಿನ ಮೀಟಿಂಗ್‌ಗೂ ಹೋಗುವುದಿಲ್ಲ. ನಿಮಗೆ ಬೇಕಾಗಿರುವುದರಲ್ಲಿ ಬಹಳಷ್ಟು ಇರುವುದು ಹೊರಗೆ. ಇನ್ನು ದುಡ್ಡಿನ ವಿಷಯ. ಊಕ್ಲಾ ಇಷ್ಟೆಲ್ಲ ಟೆಸ್ಟ್‌ಗಳಿಂದ ಬಂದ ಡೇಟಾವನ್ನು ಇಂಟರ್ನೆಟ್ ಕಂಪನಿಗಳಿಗೇ ಮಾರುತ್ತದೆ. ‘ಅತಿ ವೇಗದ ನೆಟ್‌ವರ್ಕ್’ ಅಂತ ಪ್ರಶಸ್ತಿಯನ್ನೂ ಕೊಡುತ್ತದೆ, ಗೆದ್ದವರು ಅದನ್ನು ಜಾಹೀರಾತಿನಲ್ಲಿ ಹಾಕಿಕೊಳ್ಳುತ್ತಾರೆ. ಅಳತೆಯನ್ನೇ ತಿರುಚುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಯಾರನ್ನು ಅಳೆಯಬೇಕೋ ಅವರೇ ಗಿರಾಕಿಗಳು ಅನ್ನುವುದನ್ನು ಮರೆಯಬಾರದು ಅಲ್ವಾ?

ಇದಕ್ಕೆ ಎದುರಿನ ತುದಿಯಲ್ಲಿರುವುದು ಎಂ-ಲ್ಯಾಬ್, ಅಂದರೆ ಮೆಷರ್‌ಮೆಂಟ್ ಲ್ಯಾಬ್. 2009ರಲ್ಲಿ ಗೂಗಲ್, ನ್ಯೂ ಅಮೆರಿಕಾ ಸಂಸ್ಥೆಯ ಓಪನ್ ಟೆಕ್ನಾಲಜಿ ಇನ್‌ಸ್ಟಿಟ್ಯೂಟ್, ಪ್ರಿನ್ಸ್‌ಟನ್‌ನ ಪ್ಲಾನೆಟ್‌ಲ್ಯಾಬ್ ಸೇರಿ ಶುರು ಮಾಡಿದ್ದು. ನೀವು ಗೂಗಲ್‌ನಲ್ಲಿ ಹಾಕಿದ್ದು ಇದರದ್ದೇ ಎನ್‌ಡಿಟಿ ಅನ್ನುವ ಟೆಸ್ಟ್. ಇದರ ಸರ್ವರ್‌ಗಳನ್ನು ಬೇಕೆಂದೇ ಮನೆಗಳಿಗೆ ಕನೆಕ್ಷನ್ ಕೊಡುವ ಕಂಪನಿಗಳ ಹೊರಗೆ, ನೆಟ್‌ವರ್ಕ್‌ಗಳು ಒಂದಕ್ಕೊಂದು ಕೂಡುವ ಜಾಗಗಳಲ್ಲಿ ಇಟ್ಟಿದ್ದಾರೆ. ಕೋಡ್ ತೆರೆದಿದೆ, ಡೇಟಾ ತೆರೆದಿದೆ, ಯಾರು ಬೇಕಾದರೂ ತೆಗೆದು ನೋಡಬಹುದು. ಎಷ್ಟು ತೆರೆದಿದೆ ಅಂದರೆ ಟೆಸ್ಟ್ ಹಾಕಿದ ನಿಮ್ಮ ಐಪಿ ಅಡ್ರೆಸ್ (ಇಂಟರ್ನೆಟ್‌ನಲ್ಲಿ ನಿಮ್ಮ ಲೈನ್‌ನ ಗುರುತಿನ ಸಂಖ್ಯೆ) ಕೂಡ ಅದರಲ್ಲಿ ಪ್ರಕಟ ಆಗುತ್ತದೆ. ಟೆಸ್ಟ್ ಶುರುವಾಗುವ ಮೊದಲು ಅದನ್ನು ಹೇಳುತ್ತಾರೆ, ನಾವು ಓದದೆ ಸುಮ್ನೆ ಒತ್ತುತ್ತೇವೆ.

ಹಾಗಾದರೆ ಇದೇ ಸ್ವತಂತ್ರ ಅಂತ ನಂಬಿಬಿಡಬಹುದಾ? ಎರಡು ಮಾತು. ಒಂದು, ಎನ್‌ಡಿಟಿ ಸರ್ವರ್ ಜೊತೆ ಒಂದೇ ಕನೆಕ್ಷನ್ ತೆರೆದು ಸುಮಾರು 10 ಸೆಕೆಂಡ್ ಅಳೆಯುತ್ತದೆ. ಊಕ್ಲಾ ಒಟ್ಟಿಗೆ ಹಲವು ಕನೆಕ್ಷನ್ ತೆರೆದು ಪೈಪ್ ತುಂಬಿಸುತ್ತದೆ. ಅದಕ್ಕೇ ಅದೇ ಲೈನ್‌ನಲ್ಲಿ, ಅದೇ ನಿಮಿಷದಲ್ಲಿ ಎನ್‌ಡಿಟಿ ಕಡಿಮೆ ತೋರಿಸಿದರೆ ಆಶ್ಚರ್ಯ ಪಡಬೇಕಿಲ್ಲ. ‘200ರ ಲೈನ್‌ನಲ್ಲಿ 150 ಬಂತು, ಕಳ್ಳರು!’ ಅಂತ ಜಗಳಕ್ಕೆ ಹೋದರೆ ಸೋಲುವವರು ನೀವೇ. ಎರಡು, ಇದೂ ಹೊರಗಿನವರ ಕೈಗೆ ಸಿಗದ ಟೆಸ್ಟ್ ಏನಲ್ಲ. 2014ರಲ್ಲಿ ಅಮೆರಿಕದಲ್ಲಿ ಹೀಗೇ ಆಯಿತು. ನೆಟ್‌ಫ್ಲಿಕ್ಸ್ ಟ್ರಾಫಿಕ್ ಹೊರುತ್ತಿದ್ದ ಕೋಜೆಂಟ್ ಕಂಪನಿಗೂ ಮನೆಗಳಿಗೆ ಇಂಟರ್ನೆಟ್ ಕೊಡುವ ದೊಡ್ಡ ಕಂಪನಿಗಳಿಗೂ ನಡುವಿನ ಕೊಂಡಿ ಕಿಕ್ಕಿರಿದಿತ್ತು. ಕೋಜೆಂಟ್ ತನ್ನ ಒಂದು ವರ್ಗದ ಗಿರಾಕಿಗಳ ಟ್ರಾಫಿಕ್‌ಗೆ ಮುಂದಿನ ಸಾಲು ಕೊಟ್ಟಿತು, ಸಗಟು ಗಿರಾಕಿಗಳದ್ದು ಹಿಂದೆ ಬಿತ್ತು. ಎಂ-ಲ್ಯಾಬ್‌ನ ಅಳತೆಯ ಟ್ರಾಫಿಕ್ ಹೋಗಿದ್ದು ಮುಂದಿನ ಸಾಲಿನಲ್ಲಿ. ಹಾಗಾಗಿ ಕೊಂಡಿ ಇನ್ನೂ ಕಿಕ್ಕಿರಿದಿದ್ದರೂ ಅಳತೆಯಲ್ಲಿ ಎಲ್ಲ ಸರಿಹೋದಂತೆ ಕಂಡಿತು. ಇಲ್ಲಿ ಎಂ-ಲ್ಯಾಬ್‌ನವರ ತಪ್ಪೇನೂ ಇಲ್ಲ. ದಾರಿಯ ನಡುವೆ ಇದ್ದ ಮೂರನೆಯವರ ತೀರ್ಮಾನ ಅಳತೆಯನ್ನೇ ಬದಲಿಸಿತು. ಅದು ಕೊನೆಗೆ ಗೊತ್ತಾಗಿದ್ದೂ ಡೇಟಾ ತೆರೆದಿತ್ತು ಅನ್ನುವ ಕಾರಣಕ್ಕೆ. ಮುಚ್ಚಿದ ಡೇಟಾ ಆಗಿದ್ದರೆ ಆ ಗ್ರಾಫ್ ಇವತ್ತಿಗೂ ಸಾಕ್ಷಿಯಾಗಿ ಓಡಾಡುತ್ತಿತ್ತು.

ಮೂರನೆಯದು ನನಗೆ ಸ್ವಲ್ಪ ಇಷ್ಟ. 2016ರಲ್ಲಿ ನೆಟ್‌ಫ್ಲಿಕ್ಸ್ ಫಾಸ್ಟ್ ಡಾಟ್ ಕಾಮ್ ಶುರು ಮಾಡಿತು. ಇದರಲ್ಲಿ ನಿಷ್ಪಕ್ಷಪಾತ ಅನ್ನುವ ನಾಟಕವೇ ಇಲ್ಲ. ನೆಟ್‌ಫ್ಲಿಕ್ಸ್ ತನ್ನ ವಿಡಿಯೋ ಕಳಿಸುವ ಸರ್ವರ್‌ಗಳಿಂದಲೇ ಅಳೆಯುತ್ತದೆ. ಇಂಟರ್ನೆಟ್ ಕಂಪನಿ ನೆಟ್‌ಫ್ಲಿಕ್ಸ್ ಅನ್ನು ನಿಧಾನ ಮಾಡಿದರೆ ಟೆಸ್ಟ್ ಕೂಡ ನಿಧಾನ ಆಗುತ್ತದೆ, ಗಿರಾಕಿಗೆ ಕಾಣುತ್ತದೆ. ಟೆಸ್ಟ್‌ಗೆ ಮಾತ್ರ ದಾರಿ ಬಿಟ್ಟುಕೊಟ್ಟು ವಿಡಿಯೋವನ್ನು ತಡೆಯುವುದು ಕಷ್ಟ, ಎರಡೂ ಬರುವುದು ಒಂದೇ ಜಾಗದಿಂದ. 2017ರ ಜುಲೈನಲ್ಲಿ ಇದು ಕೆಲಸಕ್ಕೆ ಬಂತು. ಅಮೆರಿಕದ ವೆರೈಝಾನ್ ಕಂಪನಿಯ ಮೊಬೈಲ್ ಗಿರಾಕಿಗಳಿಗೆ ಫಾಸ್ಟ್ ಡಾಟ್ ಕಾಮ್‌ನಲ್ಲಿ ಸುಮಾರು 10 ಎಂಬಿಪಿಎಸ್‌ಗೆ ನಿಂತುಬಿಡುತ್ತಿತ್ತು, ಅದೇ ಫೋನಿನಲ್ಲಿ ಬೇರೆ ಟೆಸ್ಟ್ ಹಾಕಿದರೆ ಅದಕ್ಕಿಂತ ಎಷ್ಟೋ ಜಾಸ್ತಿ. ವಿಡಿಯೋ ಆಪ್ಟಿಮೈಸೇಶನ್ ವ್ಯವಸ್ಥೆಯೊಂದನ್ನು ಪರೀಕ್ಷೆ ಮಾಡುತ್ತಿದ್ದೆವು ಅಂತ ಕಂಪನಿ ಆಮೇಲೆ ಒಪ್ಪಿಕೊಂಡಿತು. ಇದು ಗೊತ್ತಾಗಿದ್ದು ಯಾವ ಒಂದು ಟೆಸ್ಟ್‌ನಿಂದಲೂ ಅಲ್ಲ. ಬೇರೆ ಬೇರೆ ಸ್ವಾರ್ಥ ಇರುವ ಎರಡು ಟೆಸ್ಟ್‌ಗಳು ಒಂದಕ್ಕೊಂದು ಹೊಂದಲಿಲ್ಲ, ಅದರಿಂದ. ನನ್ನ ಪ್ರಕಾರ ಸ್ವತಂತ್ರ ಅಳತೆ ಅಂತ ಏನಾದರೂ ಇದ್ದರೆ ಅದು ಇಲ್ಲಿದೆ. ಪಕ್ಷವೇ ಇಲ್ಲದ ಸಾಕ್ಷಿ ಸಿಗುವುದಿಲ್ಲ, ಎದುರು ಪಕ್ಷಗಳ ಸಾಕ್ಷಿ ಸಿಗುತ್ತದೆ.

ಈಗ ನಿಮ್ಮ ಮನಸ್ಸಿನಲ್ಲಿ ಇರುವ ಅನುಮಾನಕ್ಕೆ ಬರೋಣ. ಟೆಸ್ಟ್ ನಡೆಯುವಾಗ ಮಾತ್ರ ಸ್ಪೀಡ್ ಏರಿಸಬಹುದಾ? ತಾಂತ್ರಿಕವಾಗಿ ನೋಡಿದರೆ ಏನೂ ಕಷ್ಟ ಇಲ್ಲ. ಟೆಸ್ಟ್ ಸರ್ವರ್‌ಗಳ ವಿಳಾಸ ಎಲ್ಲರಿಗೂ ಗೊತ್ತಿರುವಂಥದ್ದು. ಆ ವಿಳಾಸಕ್ಕೆ ಹೋಗುವ ಪ್ಯಾಕೆಟ್‌ಗಳನ್ನು, ಅಂದರೆ ಡೇಟಾದ ತುಣುಕುಗಳನ್ನು, ಮುಂದಿನ ಸಾಲಿಗೆ ಹಾಕು ಅಂತ ರೂಟರ್‌ನಲ್ಲಿ ಒಂದು ನಿಯಮ ಬರೆದರೆ ಮುಗಿಯಿತು. ಇದಕ್ಕಿಂತ ನಾಜೂಕಾದ ದಾರಿಗಳೂ ಇವೆ. ಅಮೆರಿಕದ ಕಾಮ್‌ಕಾಸ್ಟ್ ಒಂದು ಕಾಲದಲ್ಲಿ ಪವರ್‌ಬೂಸ್ಟ್ ಅಂತ ಕೊಡುತ್ತಿತ್ತು. ಯಾವುದೇ ಡೌನ್‌ಲೋಡ್‌ನ ಮೊದಲ ಕೆಲವು ಮೆಗಾಬೈಟ್‌ಗಳು ಪ್ಲಾನ್‌ಗಿಂತ ಜಾಸ್ತಿ ಸ್ಪೀಡ್‌ನಲ್ಲಿ ಬರುತ್ತಿದ್ದವು, ಆಮೇಲೆ ಮಾಮೂಲು. ಅವರು ಅದನ್ನು ಬಚ್ಚಿಡಲಿಲ್ಲ, ಸೌಲಭ್ಯ ಅಂತ ಡಂಗುರ ಹೊಡೆದೇ ಕೊಟ್ಟರು. ಆದರೆ ಕೆಲವೇ ಸೆಕೆಂಡ್ ಓಡುವ ಟೆಸ್ಟ್‌ಗೆ ಕಂಡದ್ದು ಆ ಮೊದಲ ಓಟ ಮಾತ್ರ. ಒಂದು ಸುಳ್ಳೂ ಹೇಳದೆ ಟೆಸ್ಟ್‌ನಲ್ಲಿ ಚೆನ್ನಾಗಿ ಕಾಣಿಸಿಕೊಳ್ಳುವುದು ಅಂದರೆ ಇದೇ.

ಸರ್ಕಾರವೇ ಅಳೆದರೆ ಸರಿಹೋಗುತ್ತದಲ್ಲ ಅಂತ ಎಷ್ಟೋ ಜನ ಕೇಳುತ್ತಾರೆ. ಅಳೆದಿದ್ದಾರೆ. ಅಮೆರಿಕದ ಟೆಲಿಕಾಂ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2011ರಲ್ಲಿ ‘ಮೆಷರಿಂಗ್ ಬ್ರಾಡ್‌ಬ್ಯಾಂಡ್ ಅಮೆರಿಕಾ’ ಅನ್ನುವ ಮೊದಲ ವರದಿ ಹೊರತಂದಿತು. ಸ್ಯಾಮ್‌ನೋಸ್ ಅನ್ನುವ ಬ್ರಿಟಿಷ್ ಕಂಪನಿ ಸಾವಿರಾರು ಮನೆಗಳ ರೂಟರ್ ಪಕ್ಕ ಒಂದು ಪುಟ್ಟ ಪೆಟ್ಟಿಗೆ ಇಟ್ಟು, ಮನೆಯವರು ಇಂಟರ್ನೆಟ್ ಬಳಸದೆ ಇರುವ ಹೊತ್ತು ನೋಡಿಕೊಂಡು ಹಗಲೂ ರಾತ್ರಿ ಅಳೆಯಿತು. ವೈಫೈ ತಾಪತ್ರಯ ಇಲ್ಲ, ಹಳೆಯ ಫೋನಿನ ನೆಪ ಇಲ್ಲ. ವಿಧಾನ ಬಹಳ ಚೆನ್ನಾಗಿದೆ. ಆದರೆ ಯಾವ ಮನೆಗೆ ಯಾವ ಪ್ಲಾನ್ ಅಂತ ಖಚಿತವಾಗಿ ಗೊತ್ತಿರುವುದು ಯಾರಿಗೆ? ಇಂಟರ್ನೆಟ್ ಕಂಪನಿಗೆ. ಅವರನ್ನು ಕೇಳಲೇಬೇಕು. ಕೇಳಿದ ಮೇಲೆ ಯಾವ ಮನೆಗಳಲ್ಲಿ ಪೆಟ್ಟಿಗೆ ಇದೆ ಅಂತ ಅವರಿಗೂ ಗೊತ್ತಾಯಿತು. ಶಾಲೆಗೆ ಇನ್‌ಸ್ಪೆಕ್ಟರ್ ಬರುವ ದಿನ ಮೊದಲೇ ಗೊತ್ತಿದ್ದ ಹಾಗೆ.

2017ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಚಾರ್ಟರ್ ಅನ್ನುವ ಇಂಟರ್ನೆಟ್ ಕಂಪನಿ ಮತ್ತು ಅದರ ಕೈಗೆ ಬಂದಿದ್ದ ಟೈಮ್ ವಾರ್ನರ್ ಕೇಬಲ್ ಮೇಲೆ ಕೇಸು ಹಾಕಿದರು. ಆರೋಪಗಳನ್ನು ಓದಿದರೆ ಅಳತೆಯನ್ನು ಯಾವ ಯಾವ ಕಡೆಯಿಂದ ಬಗ್ಗಿಸಬಹುದು ಅನ್ನುವುದಕ್ಕೆ ಒಂದು ಕೈಪಿಡಿ ಓದಿದ ಹಾಗೆ ಆಗುತ್ತದೆ. ಹೇಳಿದ ಸ್ಪೀಡ್ ಕೊಡುವ ತಾಕತ್ತೇ ಇಲ್ಲದ ಹಳೆಯ ಮೋಡೆಮ್‌ಗಳನ್ನು ಗಿರಾಕಿಗಳಿಗೆ ಬಾಡಿಗೆಗೆ ಕೊಟ್ಟರು. ಅವನ್ನು ಬದಲಿಸುತ್ತೇವೆ ಅಂತ ಎಫ್‌ಸಿಸಿಗೆ ಮಾತು ಕೊಟ್ಟು, ಅಂಥ ಮನೆಗಳ ಫಲಿತಾಂಶವನ್ನು ಲೆಕ್ಕದಿಂದ ಬಿಡಿಸಿಕೊಂಡರು. ಹೊರಗಿನ ನೆಟ್‌ವರ್ಕ್‌ಗಳ ಜೊತೆಗಿನ ಕೊಂಡಿಗಳನ್ನು ಸಾಕಷ್ಟು ಅಗಲ ಮಾಡದೆ ಬಿಟ್ಟರು. ಕಂಪನಿ ಇದನ್ನು ಒಪ್ಪದೆ ವಾದಿಸಿತು. 2018ರ ಡಿಸೆಂಬರ್‌ನಲ್ಲಿ 17 ಕೋಟಿ 42 ಲಕ್ಷ ಡಾಲರ್‌ಗೆ ರಾಜಿ ಆಯಿತು. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಇಷ್ಟು: ಪೆಟ್ಟಿಗೆ ಅಳೆದ ಸಂಖ್ಯೆಯೇ ತಪ್ಪು ಅನ್ನುವುದು ಇಲ್ಲಿನ ಮುಖ್ಯ ತಕರಾರು ಆಗಿರಲಿಲ್ಲ. ಜಗಳ ಇದ್ದದ್ದು ಯಾರ ಮನೆ ಲೆಕ್ಕಕ್ಕೆ ಬರಬೇಕು, ದಾರಿಯ ಯಾವ ಭಾಗ ಲೆಕ್ಕಕ್ಕೆ ಬರಬೇಕು ಅನ್ನುವುದರ ಮೇಲೆ.

ಸ್ಯಾಮ್‌ನೋಸ್ ಅನ್ನು 2023ರಲ್ಲಿ ನೆಟ್‌ವರ್ಕ್ ಉಪಕರಣ ಮಾಡುವ ಸಿಸ್ಕೋ ಕೊಂಡುಕೊಂಡಿತು. ಸಿಸ್ಕೋದ ಗಿರಾಕಿಗಳಲ್ಲಿ ಇಂಟರ್ನೆಟ್ ಕಂಪನಿಗಳೂ ಇವೆ ಅಂತ ಬಿಡಿಸಿ ಹೇಳಬೇಕಿಲ್ಲ ತಾನೇ? ಇನ್ನು ರೈಪ್ ಅಟ್ಲಾಸ್ ಅಂತ ಇದೆ, ಸಾವಿರಾರು ಜನ ತಮ್ಮ ಮನೆಯಲ್ಲಿ ಪುಟ್ಟ ಅಳತೆ ಯಂತ್ರ ಇಟ್ಟುಕೊಂಡು ನಡೆಸುವ ಜಾಲ, ನನ್ನಂಥವರಿಗೆ ಅಚ್ಚುಮೆಚ್ಚು. ಅದನ್ನು ನಡೆಸುವ ಸಂಸ್ಥೆಯ ಸದಸ್ಯರಲ್ಲಿ ದೊಡ್ಡ ಪಾಲು ಇಂಟರ್ನೆಟ್ ಕಂಪನಿಗಳೇ, ಅವರ ಸದಸ್ಯತ್ವದ ದುಡ್ಡಿನಲ್ಲೇ ಅದು ನಡೆಯುವುದು. ಆದರೂ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ದುಡ್ಡು ಎಲ್ಲಿಂದ ಬಂತು ಅನ್ನುವುದೊಂದೇ ಎಲ್ಲವನ್ನೂ ತೀರ್ಮಾನ ಮಾಡುವುದಿಲ್ಲ. ವಿಧಾನ ತೆರೆದಿದೆಯಾ, ಹೊರಗಿನವರು ಅದೇ ಅಳತೆಯನ್ನು ಮತ್ತೆ ಮಾಡಿ ನೋಡಬಹುದಾ ಅನ್ನುವುದೂ ಅಷ್ಟೇ ಮುಖ್ಯ.

ಈ ಗೋಜಲಿಗೆ ಜರ್ಮನಿ ಹಿಡಿದ ದಾರಿ ನನಗೆ ಮೆಚ್ಚುಗೆ. ಯಾರನ್ನೂ ನಂಬಿ ಅಂತ ಅಲ್ಲಿ ಹೇಳುವುದಿಲ್ಲ, ಹೇಗೆ ಅಳೆಯಬೇಕು ಅನ್ನುವುದನ್ನೇ ಬಿಗಿ ಮಾಡಿದ್ದಾರೆ. 2021ರ ಡಿಸೆಂಬರ್‌ನಿಂದ ಅಲ್ಲಿನ ಕಾನೂನಿನಲ್ಲಿ, ಹೇಳಿದ ಸ್ಪೀಡ್ ಬರದಿದ್ದರೆ ಬಿಲ್ ಕಡಿಮೆ ಮಾಡಿಸಿಕೊಳ್ಳುವ ಹಕ್ಕು ಗಿರಾಕಿಗೆ ಇದೆ. ಅದಕ್ಕೆ ನಿಯಂತ್ರಣ ಸಂಸ್ಥೆಯ ಆ್ಯಪ್‌ನಲ್ಲೇ ಅಳೆಯಬೇಕು. ಕೇಬಲ್ ಹಾಕಿಯೇ ಅಳೆಯಬೇಕು, 3 ಬೇರೆ ದಿನ, ದಿನಕ್ಕೆ 10ರಂತೆ ಒಟ್ಟು 30 ಸಲ. ಕಾಂಟ್ರ್ಯಾಕ್ಟ್‌ನಲ್ಲಿ ಗರಿಷ್ಠ, ಮಾಮೂಲು, ಕನಿಷ್ಠ ಅಂತ ಮೂರು ಸ್ಪೀಡ್ ಬರೆದಿರಬೇಕು, ಪ್ರತಿಯೊಂದಕ್ಕೂ ಎಷ್ಟು ಸಲ ತಪ್ಪಿದರೆ ತಪ್ಪು ಅಂತ ಲೆಕ್ಕ ಇದೆ. ಬೇಜಾರಿನ ಕೆಲಸ, ನಿಜ. ಆದರೆ ‘ನಿಮ್ಮ ವೈಫೈ ಸರಿ ಇಲ್ಲ’, ‘ಆ ಹೊತ್ತಿಗೆ ಏನೋ ಆಗಿತ್ತು’ ಅನ್ನುವ ಮಾಮೂಲಿ ನೆಪಗಳಿಗೆ ಅಲ್ಲಿ ಜಾಗವೇ ಇಲ್ಲ.

ಸರಿ, ನಿಮ್ಮ ಸಂಖ್ಯೆಗಳಿಗೆ ಬರೋಣ. ಆ್ಯಪ್‌ನಲ್ಲಿ ಸದಾ 195, ಎನ್‌ಡಿಟಿಯಲ್ಲಿ ಬೆಳಿಗ್ಗೆ 150, ರಾತ್ರಿ 60.

195ಕ್ಕೂ 150ಕ್ಕೂ ಇರುವ ಅಂತರದ ಬಗ್ಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಅದು ಒಂದೇ ಕನೆಕ್ಷನ್‌ನಲ್ಲಿ ಅಳೆಯುವುದರಿಂದಲೂ ಬರಬಹುದು, ಸರ್ವರ್ ದೂರ ಇರುವುದರಿಂದಲೂ ಬರಬಹುದು. ಆದರೆ ಆ ಎರಡೂ ಕಾರಣ ರಾತ್ರಿ ಆದ ಕೂಡಲೇ ಬದಲಾಗುವಂಥವಲ್ಲ. 150 ಇದ್ದದ್ದು 60ಕ್ಕೆ ಇಳಿಯಬೇಕಾದರೆ ಎಲ್ಲೋ ಜನ ಜಾಸ್ತಿಯಾಗಿ ದಾರಿ ತುಂಬಿದೆ. ಎಲ್ಲಿ? ನಿಮ್ಮ ಮನೆಯ ಲೈನ್ ಅಥವಾ ಬೀದಿಯ ಲೈನ್ ತುಂಬಿದ್ದರೆ ಕಂಪನಿಯ ಆ್ಯಪ್‌ನಲ್ಲೂ ರಾತ್ರಿ ಇಳಿಯಬೇಕಿತ್ತು. ಇಳಿಯುತ್ತಿಲ್ಲ. ಹಾಗಾದರೆ ಒಂದೋ ತುಂಬಿರುವುದು ಅವರ ನೆಟ್‌ವರ್ಕ್‌ನಿಂದ ಹೊರಗೆ ಹೋಗುವ ಕಡೆ, ಇಲ್ಲಾ ಆ್ಯಪ್‌ನ ಟ್ರಾಫಿಕ್‌ಗೆ ಏನೋ ವಿಶೇಷ ಸತ್ಕಾರ ಇದೆ. ಮೊದಲನೆಯದೇ ಇರುವ ಸಾಧ್ಯತೆ ಜಾಸ್ತಿ ಅಂತ ನನ್ನ ಅಂದಾಜು. ಹೊರಗಿನ ಕೊಂಡಿಗೆ ದುಡ್ಡು ಬೇಕು, ಜನ ಜಾಸ್ತಿಯಾದಷ್ಟು ಅಗಲ ಮಾಡುತ್ತಾ ಹೋಗಬೇಕು. ಅಲ್ಲಿ ಉಳಿತಾಯ ಮಾಡುವುದು ಹಳೇ ಚಾಳಿ.

ಇದನ್ನು ಬೇರ್ಪಡಿಸಿ ನೋಡಬಹುದು. ಮೊದಲು ವೈಫೈ ಬಿಡಿ, ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ. ಎಷ್ಟು ಸಲ ಹಾಕಿದರೂ 94ರ ಹತ್ತಿರವೇ ನಿಂತರೆ ಕಂಪನಿಯನ್ನು ಬೈಯಬೇಡಿ. ನಿಮ್ಮ ಕೇಬಲ್ಲೋ ಪೋರ್ಟೋ 100 ಎಂಬಿಪಿಎಸ್‌ಗೆ ಸಿಕ್ಕಿಕೊಂಡಿದೆ. ಅದರ ಗರಿಷ್ಠವೇ ಅಷ್ಟು. ಎಲ್ಲ ಟೆಸ್ಟ್‌ಗಳನ್ನೂ ಅದೇ ಲ್ಯಾಪ್‌ಟಾಪ್‌ನಲ್ಲೇ ಹಾಕಿ, ಯಾಕೆಂದರೆ ಕೆಲವು ಕಂಪನಿಗಳ ಆ್ಯಪ್ ಅಳೆಯುವುದು ನಿಮ್ಮ ಫೋನಿನಿಂದ ಅಲ್ಲ, ರೂಟರ್‌ನಿಂದ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಅರ್ಥವೇ ಬರುವುದಿಲ್ಲ. ಆಮೇಲೆ ರಾತ್ರಿ ಒಂಬತ್ತರ ಮೇಲೆ, ಹತ್ತು ನಿಮಿಷದೊಳಗೆ, ಊಕ್ಲಾವನ್ನು ಎರಡು ಸಲ ಹಾಕಿ. ಒಮ್ಮೆ ಅದೇ ಆರಿಸಿದ ಸರ್ವರ್‌ಗೆ, ಇನ್ನೊಮ್ಮೆ ‘ಚೇಂಜ್ ಸರ್ವರ್’ ಒತ್ತಿ ಬೇರೆ ಕಂಪನಿಯ ಸರ್ವರ್‌ಗೆ. ಎರಡೂ ಹಲವು ಕನೆಕ್ಷನ್ ತೆರೆಯುವ ಟೆಸ್ಟ್, ಹಾಗಾಗಿ ವಿಧಾನದ ತಕರಾರು ಇರುವುದಿಲ್ಲ. ಮೊದಲನೆಯದು 195, ಎರಡನೆಯದು 70 ಬಂದರೆ ನಿಮ್ಮ ಕೇಸು ಗಟ್ಟಿಯಾಯಿತು. ಹಾಗೆಯೇ ಫಾಸ್ಟ್ ಡಾಟ್ ಕಾಮ್ ಒಂದು ಸಲ, ಎನ್‌ಡಿಟಿ ಒಂದು ಸಲ. ಇಷ್ಟನ್ನೇ ಬೆಳಿಗ್ಗೆಯೂ ಮಾಡಿ. ಕೆಲವು ದಿನ ಬಿಡದೆ ಮಾಡಿದರೆ ಸಾಕು, ಚಿತ್ರ ತಾನಾಗಿ ಸ್ಪಷ್ಟ ಆಗುತ್ತದೆ. ಒಂದೇ ಒಂದು ಸ್ಕ್ರೀನ್‌ಶಾಟ್ ಹಿಡಿದುಕೊಂಡು ಹೋದರೆ ಯಾರೂ ಕೇಳುವುದಿಲ್ಲ.

ಬೇಕೆಂದೇ ತಡೆಯುತ್ತಿದ್ದಾರೆ ಅನ್ನುವ ಅನುಮಾನ ಇದ್ದರೆ ವೀಹಿ ಅನ್ನುವ ಆ್ಯಪ್ ಇದೆ, ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು ಮಾಡಿದ್ದು. ಫ್ರಾನ್ಸ್‌ನ ನಿಯಂತ್ರಣ ಸಂಸ್ಥೆಯೂ ಇದಕ್ಕೆ ಕೈ ಜೋಡಿಸಿದೆ. ಅದರ ಉಪಾಯ ಸೊಗಸಾಗಿದೆ. ಒಂದು ವಿಡಿಯೋ ಆ್ಯಪ್‌ನ ಟ್ರಾಫಿಕ್ ಅನ್ನು ಹಾಗೆಯೇ ಒಮ್ಮೆ ಕಳಿಸುತ್ತದೆ, ಅದೇ ಗಾತ್ರದ ಟ್ರಾಫಿಕ್ ಅನ್ನು ಒಳಗಿನದ್ದು ಗುರುತು ಸಿಗದ ಹಾಗೆ ಕಲಸಿ ಇನ್ನೊಮ್ಮೆ ಕಳಿಸುತ್ತದೆ. ಗುರುತು ಸಿಗುವುದು ನಿಧಾನ, ಗುರುತು ಸಿಗದೇ ಇರುವುದು ಜೋರು ಅಂತ ಮತ್ತೆ ಮತ್ತೆ ಬಂದರೆ ನಡುವೆ ಯಾರೋ ನೋಡಿ ನೋಡಿ ಬಿಡುತ್ತಿದ್ದಾರೆ ಅಂತ ಅರ್ಥ. ವಿಪಿಎನ್ (ನಿಮ್ಮ ಟ್ರಾಫಿಕ್ ಅನ್ನು ಗುರುತು ಮುಚ್ಚಿ ಬೇರೆ ಸರ್ವರ್ ಮೂಲಕ ಕಳಿಸುವ ವ್ಯವಸ್ಥೆ) ಹಾಕಿ ಪರೀಕ್ಷೆ ಮಾಡಿ ಅಂತ ಹೇಳುವವರು ಇದ್ದಾರೆ. ಮಾಡಿ, ಆದರೆ ಅದನ್ನು ಪುರಾವೆ ಅಂದುಕೊಳ್ಳಬೇಡಿ. ವಿಪಿಎನ್ ಹಾಕಿದಾಗ ದಾರಿಯೂ ಬದಲಾಗುತ್ತದೆ, ಗುರುತೂ ಮುಚ್ಚುತ್ತದೆ. ಸ್ಪೀಡ್ ಏರಿದರೆ ಯಾವ ಕಾರಣಕ್ಕೆ ಅಂತ ಹೇಳಲು ಆಗುವುದಿಲ್ಲ.

ಇನ್ನೊಂದು ಮಾತು, ನೀವು ಕೇಳದೇ ಇದ್ದರೂ. 200 ಬರುತ್ತಿರುವಾಗಲೂ ವಿಡಿಯೋ ಕಾಲ್ ತಡವರಿಸಿದರೆ ಸ್ಪೀಡ್ ಸಂಖ್ಯೆ ನೋಡುತ್ತಾ ಕೂರಬೇಡಿ. ಡೌನ್‌ಲೋಡ್ ನಡೆಯುತ್ತಿರುವಾಗ ಪಿಂಗ್ ಎಷ್ಟಾಗುತ್ತದೆ ನೋಡಿ. ಕ್ಲೌಡ್‌ಫ್ಲೇರ್ ಟೆಸ್ಟ್, ಫಾಸ್ಟ್ ಡಾಟ್ ಕಾಮ್ ಎರಡೂ ತೋರಿಸುತ್ತವೆ. ಸುಮ್ನೆ ಇದ್ದಾಗ 15 ಮಿಲಿಸೆಕೆಂಡ್ ಇದ್ದದ್ದು 300ಕ್ಕೆ ಹಾರಿದರೆ ತೊಂದರೆ ಅಲ್ಲಿದೆ, ಎಷ್ಟೋ ಸಲ ನಿಮ್ಮದೇ ರೂಟರ್‌ನಲ್ಲಿ.

ದೂರು ಬರೆಯುವಾಗ ‘ಸ್ಪೀಡ್ ಕಡಿಮೆ’ ಅಂತ ಬರೆಯಬೇಡಿ. ಅವರು ಆ್ಯಪ್ ತೋರಿಸಿ ಕೇಸು ಮುಚ್ಚುತ್ತಾರೆ. ‘ನಿಮ್ಮ ನೆಟ್‌ವರ್ಕ್ ಒಳಗೆ ರಾತ್ರಿ 195 ಬರುತ್ತಿದೆ, ಅದೇ ಹೊತ್ತಿನಲ್ಲಿ ಅದೇ ಕೇಬಲ್‌ನಲ್ಲಿ ಹೊರಗಿನ ಸರ್ವರ್‌ಗೆ 70, ಬೆಳಿಗ್ಗೆ ಅದೇ ಸರ್ವರ್‌ಗೆ ಇಷ್ಟು’ ಅಂತ ದಿನಾಂಕ, ಹೊತ್ತು, ಸರ್ವರ್ ಹೆಸರು ಸಮೇತ ಬರೆಯಿರಿ. ಅವರ ಆ್ಯಪ್‌ನ ಸಂಖ್ಯೆಯನ್ನು ಅಲ್ಲಗಳೆಯಬೇಡಿ, ಅದನ್ನೇ ನಿಮ್ಮ ಸಾಕ್ಷಿ ಮಾಡಿಕೊಳ್ಳಿ: ಲೈನ್ ಸರಿ ಇದೆ ಅಂತ ಅವರೇ ಹೇಳಿದ ಮೇಲೆ ‘ನಿಮ್ಮ ಮನೆಯ ವೈರಿಂಗ್ ತೊಂದರೆ’ ಅನ್ನುವುದಕ್ಕೆ ಆಗುವುದಿಲ್ಲ. ಫೋನಿನಲ್ಲಿ ವಾದ ಮಾಡುವುದಕ್ಕಿಂತ ಇಮೇಲ್ ವಾಸಿ. ಕೊನೆಯಲ್ಲಿ ಒಂದು ಪ್ರಶ್ನೆ ಸೇರಿಸಿ: ‘ನಿಮ್ಮ ಆ್ಯಪ್ ಅಳೆಯುವ ಸರ್ವರ್ ಎಲ್ಲಿದೆ, ನಿಮ್ಮ ನೆಟ್‌ವರ್ಕ್‌ನ ಒಳಗೋ ಹೊರಗೋ?’ ಇದಕ್ಕೆ ಬರಹದಲ್ಲಿ ಉತ್ತರ ಬಂದರೆ ನನಗೂ ಕಳಿಸಿ.